ಮೊದಲು ಕೂತು ನೋಡಿ, ಆಮೇಲೆ ಸಹಿ ಹಾಕಿ

ಬಸ್ ನಿಲ್ದಾಣದ ಮುಂದಿನ ಇಳಿಜಾರಿನಲ್ಲಿ ಗಾಲಿಕುರ್ಚಿಯ ಮುಂದಿನ ಗಾಲಿ ಮುರಿದು ಕಳಚಿ ಹೋಯಿತು. ಕುರ್ಚಿ ಮುಗ್ಗರಿಸಿತು, ಅದರಲ್ಲಿದ್ದ ಹುಡುಗಿ ಗದ್ದ ಊರಿ ರಸ್ತೆಗೆ ಬಿದ್ದಳು. ಹಿಂದೆ ಬರುತ್ತಿದ್ದ ಬಸ್ಸಿನ ಚಾಲಕ ಬ್ರೇಕಿನ ಮೇಲೆ ಎದ್ದು ನಿಂತಂತೆ ಒತ್ತಿದ. ಟೈರು ಅವಳ ಜಡೆಯ ಹತ್ತಿರ ಬಂದು ನಿಂತಿತು.

ಸಂಜೆ ಅಪ್ಪ ಮನೆಗೆ ಬಂದಾಗ ಮಗಳ ಗದ್ದಕ್ಕೆ ಹೊಲಿಗೆ ಬಿದ್ದಿತ್ತು. ಅಮ್ಮ ಬಚ್ಚಲಲ್ಲಿ ರಕ್ತದ ದುಪಟ್ಟಾ ಉಜ್ಜುತ್ತಿದ್ದಳು. ಮುರಿದ ಕುರ್ಚಿ ಬಾಗಿಲ ಪಕ್ಕದಲ್ಲಿತ್ತು. ಸರ್ಕಾರ ಅದನ್ನು ಕೊಟ್ಟು ತಿಂಗಳೂ ತುಂಬಿರಲಿಲ್ಲ.

ಅಪ್ಪ ವಿಕಲಚೇತನರ ಕಲ್ಯಾಣ ಕಚೇರಿಯ ಕಾರು ಓಡಿಸುವವನು, ಗುತ್ತಿಗೆ ನೌಕರ. ಬೀದಿಯವರಿಗೆಲ್ಲ ಡ್ರೈವರಣ್ಣ. ಮಗಳಿಗೆ ಚಿಕ್ಕಂದಿನ ಕಾಯಿಲೆಯಿಂದ ಕಾಲಲ್ಲಿ ಬಲವಿಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಮೊಬೈಲ್ ರಿಪೇರಿ ಮಾಡುತ್ತಾಳೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

"ನಾಳೆ ವೆಲ್ಡಿಂಗ್ ಮಾಡಿಸ್ತೀನಿ ಬಿಡು ಪುಟ್ಟಿ," ಅಂದ ಅಪ್ಪ.

"ವೆಲ್ಡಿಂಗ್ ಮಾಡೋಕೆ ಇದ್ರಲ್ಲಿ ಕಬ್ಬಿಣ ಎಲ್ಲಿದೆ ಅಪ್ಪ? ತಗಡಿಗೆ ಬಣ್ಣ ಬಳಿದಿದಾರೆ. ನಾನು ದೂರು ಕೊಡ್ತೀನಿ."

"ಯಾರ ಮೇಲೆ?"

"ಇದನ್ನ ಕೊಂಡವರ ಮೇಲೆ."

ಕೊಂಡವರು ಅಂದರೆ ಅಪ್ಪ ದಿನಾ ಕಾರಿನಲ್ಲಿ ಕೂರಿಸಿಕೊಂಡು ಓಡಾಡುವ ಸಾಹೇಬರು.

"ಪುಕ್ಕಟೆ ಕೊಟ್ಟಿದ್ದಕ್ಕೆ ಯಾರಾದ್ರೂ ದೂರು ಕೊಡ್ತಾರೇನೆ? ಅವರು ಕೊಟ್ಟಿದ್ದೇ ದೊಡ್ಡದು. ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ ಮಾರಾಯ್ತಿ."

ಅಷ್ಟರಲ್ಲಿ ಪಕ್ಕದ ಮನೆಯ ಮೇಡಂ ಒಳಗೆ ಬಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವವರು. ಹುಡುಗಿಯ ಗಾಯ ನೋಡಿದರು. ಆಮೇಲೆ ಕುರ್ಚಿಯನ್ನೂ ಬಗ್ಗಿ ನೋಡಿದರು.

"ಪುಕ್ಕಟೆ ಅಲ್ಲ ಅಣ್ಣ. ನೀವು ಸೋಪು ಕೊಂಡ್ರೂ, ಎಣ್ಣೆ ಕೊಂಡ್ರೂ ತೆರಿಗೆ ಕಟ್ತೀರಲ್ಲ, ಆ ದುಡ್ಡಲ್ಲಿ ಬಂದಿದ್ದು ಇದು. ಅವಳಿಗೆ ಇದು ಹಕ್ಕು, ಯಾರೂ ಭಿಕ್ಷೆ ಹಾಕಿಲ್ಲ."

"ಹಕ್ಕೇನೋ ಸರಿ ಮೇಡಂ. ದೊಡ್ಡವರು ಟೆಂಡರ್ ಕರೆದು ಕೊಂಡಿದ್ದು. ಅದನ್ನ ಪ್ರಶ್ನೆ ಮಾಡೋಕೆ ನಾವ್ಯಾರು?"

"ನಾವೇ ಮಾಡ್ಬೇಕು. ಟೆಂಡರ್ ಕರೆದಾಗ ಎಂಥ ಕುರ್ಚಿ ಬೇಕು ಅಂತ ಒಂದು ಮಾದರಿ ಒಪ್ಪಿರ್ತಾರೆ. ಮಾಲು ಬಂದಾಗ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ, ಆ ಮಾದರಿ ಪಕ್ಕದಲ್ಲಿಟ್ಟು ನೋಡ್ಬೇಕು. ಸರಿ ಇದ್ರೆ ಮಾತ್ರ ಸಹಿ, ಆಮೇಲೆ ಬಿಲ್ಲು. ಹಾಗೆ ನೋಡಿದ್ದಿದ್ರೆ ಇದು ಗೋದಾಮಿನ ಬಾಗಿಲು ದಾಟ್ತಿರ್ಲಿಲ್ಲ."

ಅಪ್ಪ ಥಟ್ಟನೆ ನೆಲ ನೋಡಿದ.

ಅವನಿಗೆ ಮಾಲು ಬಂದ ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿತ್ತು. ಗೋದಾಮಿನ ಮುಂದೆ ಲಾರಿ ನಿಂತಿತ್ತು. ಹಗ್ಗ ಕೂಡ ಬಿಚ್ಚಿರಲಿಲ್ಲ. ಸಾಹೇಬರು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯ ಗಾಜು ಇಳಿಸಿ, ಗುಮಾಸ್ತ ಚಾಚಿದ ಕಾಗದಕ್ಕೆ ಸಹಿ ಗೀಚಿ, "ನಡಿಯಪ್ಪ, ಹೊಟ್ಟೆ ಚುರುಗುಟ್ತಿದೆ" ಅಂದಿದ್ದರು.

ಬಚ್ಚಲಿನಿಂದ ಬಂದ ಅಮ್ಮ ಗಂಡನ ಮುಖವನ್ನೇ ನೋಡುತ್ತ ನಿಂತಳು. "ನಿಮಗೇನೋ ಗೊತ್ತಿದೆ, ಅಲ್ವಾ?"

"ನನಗೇನು ಗೊತ್ತು? ನಾನು ಡ್ರೈವರ್ರು," ಅಂದವನೇ ಅವನು ಹೊರಗೆ ನಡೆದುಬಿಟ್ಟ.

ಮಗಳು ಸುಮ್ಮನಿರಲಿಲ್ಲ. ಮುರಿದ ಗಾಲಿಯ ಫೋಟೊ ಅಂಟಿಸಿ, ಮೇಡಂ ಜೊತೆ ಅಪ್ಪನ ಕಚೇರಿಗೇ ಹೋಗಿ ಲಿಖಿತ ದೂರು ಕೊಟ್ಟಳು, ಮುದ್ರೆ ಒತ್ತಿದ ಸ್ವೀಕೃತಿಯನ್ನೂ ಕೇಳಿ ಪಡೆದಳು. ಶುಕ್ರವಾರ ಪುರಭವನದಲ್ಲಿ ಅವಳ ಕುರ್ಚಿಯ ಜೊತೆಗೇ ಕಂಪನಿ ಕಳಿಸಿದ್ದ ಇನ್ನಷ್ಟು ಕುರ್ಚಿ ಹಂಚುತ್ತಾರೆಂದು ಅವಳಿಗೆ ಅಲ್ಲೇ ಗೊತ್ತಾಯಿತು.

ಮರುದಿನ ಕಾರಿನ ಹಿಂದಿನ ಸೀಟಿನಿಂದ ಸಾಹೇಬರ ದನಿ ಬಂತು. "ದೂರು ಕೊಟ್ಟವಳು ನಿನ್ನ ಮಗಳಂತೆ?"

"ಹೌದು ಸಾರ್."

"ಬುದ್ಧಿ ಹೇಳಿ ವಾಪಸ್ ತೆಗೆಸು. ನಿನ್ನ ಗುತ್ತಿಗೆ ಮುಗಿಯೋಕೆ ಬಂತಲ್ವಾ?"

ಮನೆಗೆ ಹೋಗಿ ಅಪ್ಪ ಮಗಳಿಗೆ ಬುದ್ಧಿ ಹೇಳಬೇಕೆಂದೇ ಕೂತ. ಅವಳು ಅನ್ನ ಅಗಿಯಲಾಗದೆ ಗಂಜಿ ಕುಡಿಯುತ್ತಿದ್ದಳು. ಅಪ್ಪ ಎದ್ದು ಅವಳ ಲೋಟಕ್ಕೆ ಇನ್ನಷ್ಟು ಗಂಜಿ ಬಡಿಸಿದ.

ಶುಕ್ರವಾರ ಪುರಭವನ ತುಂಬಿತ್ತು. ವೇದಿಕೆಯ ಮೇಲೆ ಪ್ಲಾಸ್ಟಿಕ್ ಹೊದಿಕೆಯ ಕುರ್ಚಿಗಳು ಮಿರಮಿರ ಮಿಂಚುತ್ತಿದ್ದವು. ಮೇಲಿನ ಕಚೇರಿಯಿಂದ ಒಬ್ಬ ಹಿರಿಯ ಅಧಿಕಾರಿಣಿಯೂ ಬಂದಿದ್ದರು. ಅಪ್ಪ ಕಾರು ನಿಲ್ಲಿಸಿ ಬಂದು ಹಿಂದಿನ ಗೋಡೆಗೆ ಒರಗಿ ನಿಂತ.

"ಮೊದಲು ಸಹಿ, ಆಮೇಲೆ ಕುರ್ಚಿ. ಬೇಗ ಬೇಗ!" ಎಂದು ಗುಮಾಸ್ತ ಕೂಗುತ್ತಿದ್ದ. ಒಂದು ಕಾಲಿಲ್ಲದ ಅಜ್ಜ ಪೆನ್ನು ಹಿಡಿದ.

"ಸಹಿ ಹಾಕ್ಬೇಡಿ ಅಜ್ಜಾ!"

ಎಲ್ಲರೂ ತಿರುಗಿದರು. ಗದ್ದಕ್ಕೆ ಪಟ್ಟಿ ಕಟ್ಟಿದ ಹುಡುಗಿಯನ್ನು ಆಸ್ಪತ್ರೆಯ ಗಾಲಿಕುರ್ಚಿಯಲ್ಲಿ ಮೇಡಂ ತಳ್ಳಿಕೊಂಡು ಬರುತ್ತಿದ್ದರು. ಹುಡುಗಿಯ ಮಡಿಲಲ್ಲಿ ಮುರಿದ ಗಾಲಿ ಇತ್ತು.

"ಮೊದಲು ಕೂತು ನೋಡ್ತೀವಿ, ಓಡಿಸಿ ನೋಡ್ತೀವಿ. ಆಮೇಲೆ ಸಹಿ. ಒಪ್ಪಿದ ಮಾದರಿ ಎಲ್ಲಿದೆ? ಅದನ್ನೂ ತರಿಸಿ."

ಸಾಹೇಬರು ಹಿರಿಯ ಅಧಿಕಾರಿಣಿಯತ್ತ ತಿರುಗಿ ನಕ್ಕರು. "ಎಲ್ಲೋ ಗುಂಡಿಗೆ ಇಳಿಸಿ ಮುರ್ಕೊಂಡಿದಾಳೆ ಮೇಡಂ. ಒಂದೊಂದು ಕುರ್ಚಿನೂ ನಾನೇ ಮುಂದೆ ನಿಂತು ಪರೀಕ್ಷೆ ಮಾಡಿಸಿದೀನಿ."

ಹಿರಿಯ ಅಧಿಕಾರಿಣಿ ಹುಡುಗಿಯತ್ತ ನೋಡಿದರು. "ಪರೀಕ್ಷೆ ಆಗಿದೆ ಅಂತಿದಾರಲ್ಲಮ್ಮ. ಆಗಿಲ್ಲ ಅನ್ನೋಕೆ ನಿನ್ನ ಹತ್ರ ಏನಿದೆ?"

ಅವಳು ಮುರಿದ ಗಾಲಿಯನ್ನು ಎತ್ತಿ ತೋರಿಸಿದಳು, ಅವಳ ಹತ್ತಿರ ಇದ್ದದ್ದು ಅಷ್ಟೇ. ಅಜ್ಜ ಪೆನ್ನನ್ನು ಮತ್ತೆ ಕಾಗದದ ಮೇಲಿಟ್ಟ. ಅಪ್ಪನಿಗೆ ಬಸ್ಸಿನ ಟೈರು ಕಣ್ಣ ಮುಂದೆ ಬಂತು, ಅದರಡಿಯಲ್ಲಿ ಅಜ್ಜನ ಬಿಳಿ ತಲೆ. ಕಾಲು ತಾನಾಗಿ ಮುಂದೆ ನಡೆಯಿತು.

"ಪರೀಕ್ಷೆ ಆಗಿಲ್ಲ ಮೇಡಂ." ಅಪ್ಪ ವೇದಿಕೆಯ ಎದುರು ನಿಂತ. "ಮಾಲು ಬಂದ ದಿನ ಕಾರು ಓಡಿಸಿದ್ದು ನಾನು. ಸಾಹೇಬ್ರು ಕೆಳಗೇ ಇಳೀಲಿಲ್ಲ. ಲಾರಿ ಹಗ್ಗಾನೂ ಬಿಚ್ಚಿರ್ಲಿಲ್ಲ. ಕಿಟಕಿಯಿಂದಾನೆ ಸಹಿ ಹಾಕಿದ್ರು."

"ಏಯ್! ಏನು ಮಾತಾಡ್ತಿದೀಯ ಅಂತ ಗೊತ್ತಿದೆಯೇನೋ ನಿಂಗೆ?" ಸಾಹೇಬರು ಕೆಂಡವಾದರು.

"ಗೊತ್ತಿದೆ ಸಾರ್. ಇವಳು ನನ್ನ ಮಗಳು."

ಸಭೆಯಲ್ಲಿ ಗುಜುಗುಜು ಎದ್ದಿತು. ಅಧಿಕಾರಿಣಿ ಕೈ ಎತ್ತಿ, ಕಚೇರಿಯಿಂದ ಮಾದರಿ ಕುರ್ಚಿಯನ್ನು ತರಿಸಿದರು. ಒಂದು ಹೊಸ ಕುರ್ಚಿಯ ಹೊದಿಕೆ ಬಿಚ್ಚಿಸಿ, ಎರಡರ ಮೇಲೂ ಅಷ್ಟಷ್ಟೇ ಭಾರದ ಮರಳಿನ ಚೀಲ ಹೇರಿಸಿ, ಬಾಗಿಲ ಇಳಿಜಾರಿನಲ್ಲಿ ಬಿಡಿಸಿದರು. ಮಾದರಿ ಕುರ್ಚಿ ಸಲೀಸಾಗಿ ಕೆಳಗೆ ಬಂತು. ಹೊಸದರ ಮುಂದಿನ ಗಾಲಿ ನಡುದಾರಿಯಲ್ಲೇ ಕಡ್ಡಿಯಂತೆ ಲಟಕ್ಕೆಂದು ಮುರಿಯಿತು. ಚೀಲ ಒಡೆದು ಮರಳು ಚೆಲ್ಲಿತು. ಅದರಲ್ಲಿ ಮನುಷ್ಯರು ಕೂತಿರಲಿಲ್ಲ, ಸದ್ಯ.

ಹಂಚಿಕೆ ಅಲ್ಲಿಗೇ ನಿಂತಿತು. ಬಿಲ್ಲು ತಡೆಹಿಡಿಯಲು ಆದೇಶವಾಯಿತು. ಮೊದಲು ಹಂಚಿದ ಕುರ್ಚಿಗಳನ್ನೂ ಕಂಪನಿಯೇ ತನ್ನ ಖರ್ಚಿನಲ್ಲಿ ಬದಲಿಸಿಕೊಡಬೇಕಾಯಿತು. ಸಾಹೇಬರ ಮೇಲೆ ವಿಚಾರಣೆ ಇನ್ನೂ ನಡೆಯುತ್ತಿದೆ. ಈಗ ಮಾಲು ಬಂದರೆ ಕುರ್ಚಿ ಬಳಸುವವರೇ ಬಂದು ಕೂತು ಪರೀಕ್ಷಿಸುತ್ತಾರೆ. ಅವರಲ್ಲಿ ಡ್ರೈವರಣ್ಣನ ಮಗಳೂ ಒಬ್ಬಳು, ಕಂಪನಿಯವರಿಗೆ ಅವಳ ಹೆಸರೆತ್ತಿದರೆ ನಡುಕ.

ಅಪ್ಪನ ಗುತ್ತಿಗೆಯನ್ನು ಮಾತ್ರ ಕಚೇರಿ ಮುಂದುವರಿಸಲಿಲ್ಲ. ಕೆಲವು ವಾರ ಅಮ್ಮನ, ಮಗಳ ದುಡಿಮೆಯಲ್ಲೇ ಮನೆ ನಡೆಯಿತು. ಅನ್ಯಾಯವಾಗಿದೆ ಎಂದು ಅವನೂ ಈಗ ಮೇಲಿನ ಕಚೇರಿಗೆ ದೂರು ಕೊಟ್ಟಿದ್ದಾನೆ. ಅದರ ತೀರ್ಮಾನ ಬರುವವರೆಗೆ ಶಾಲೆಯ ವ್ಯಾನು ಓಡಿಸುತ್ತಿದ್ದಾನೆ.

"ಅವತ್ತೇ ಹೇಳ್ಬೇಕಿತ್ತು ಕಣೆ, ನೀನು ಬೀಳೋ ಮುಂಚೆ," ಅಂದ ಒಮ್ಮೆ ಮಗಳಿಗೆ.

"ಅಜ್ಜ ಬೀಳೋ ಮುಂಚೆ ಹೇಳಿದ್ಯಲ್ಲ ಅಪ್ಪ," ಅಂದಳು ಅವಳು.

ಈ ಕಥೆ ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಗಾಲಿಕುರ್ಚಿ, ಊರುಗೋಲು, ಕಿವಿಯ ಯಂತ್ರ ಪಡೆಯುವವರು ಇರಬಹುದು. ಕೈಗೆ ಬಂದದ್ದನ್ನು ಅಲ್ಲೇ ಬಳಸಿ ನೋಡಿ, ಸರಿ ಇದ್ದರೆ ಮಾತ್ರ ಸಹಿ ಹಾಕಿ. ಕೆಟ್ಟರೆ ಫೋಟೊ ತೆಗೆದು ಬರವಣಿಗೆಯಲ್ಲಿ ದೂರು ಕೊಡಿ, ಸ್ವೀಕೃತಿ ಕೇಳದೆ ಹಿಂತಿರುಗಬೇಡಿ. ಒಬ್ಬರೇ ಹೋಗಲು ಅಂಜಿಕೆಯಾದರೆ ವಿಕಲಚೇತನರ ಸಂಘದವರನ್ನು ಕರೆದುಕೊಂಡು ಹೋಗಿ. ಯಾರು ಪರೀಕ್ಷಿಸಿದರು, ಯಾವ ಮಾದರಿ ಒಪ್ಪಿದರು ಎಂದು ಕೇಳುವ ಹಕ್ಕು ನಿಮ್ಮದು. ಕಚೇರಿಯ ಒಳಗಿದ್ದು ಕಣ್ಣಾರೆ ಕಂಡವರೇ, ನೀವೂ ಬಾಯಿ ಬಿಡಿ. ನಾವು ಕೇಳಿದರೆ ಯಾರಿಗೋ ಮುಜುಗರವಾಗಬಹುದು, ಆಗಲಿ ಬಿಡಿ. ಕೇಳದೆ ಹೋದರೆ ರಸ್ತೆಯಲ್ಲಿ ಬೀಳುವವರು ನಮ್ಮವರು.