ಕಲ್ಲುದೋಣಿಯ ಕಿತ್ತಳೆ ಚುಕ್ಕೆ

ಸಂಪಗಾಂವದಲ್ಲಿ ನಮ್ಮ ಪಕ್ಕದ ಮನೆಯ ಅಮೀರಬಿಗೆ ತೀರಿಹೋದ ಗಂಡ ಬಡೇಸಾಬನ ನೆನಪೆಂದರೆ ಹಿತ್ತಲಿನಲ್ಲಿ ನೀರು ತುಂಬಿಡುವ ಕಲ್ಲುದೋಣಿಯಲ್ಲಿದ್ದ ಗಪ್ಪಿ ಮೀನುಗಳು. ಒಂದೊಂದು ಗಂಡುಮೀನಿನ ಮೈಮೇಲೂ ಕಿತ್ತಳೆ ಚುಕ್ಕೆ. ಅವನೇ ಸಾಕಿದ ಸಂತತಿ ಅದು. ಮುದುಕಿ ಬೆಳಗಿನ ಚಹಾ ಕುಡಿಯುತ್ತಿದ್ದದ್ದೂ ಅವುಗಳ ಎದುರೇ.

ರಾಮದುರ್ಗದಿಂದ ಬಂದ ಹೊಸ ಸೊಸೆ ಫಿರದೋಸ್ ರಮಜಾನಿಗೆಂದು ಮನೆಗೆಲ್ಲ ಸುಣ್ಣ ಬಳಿದಳು. ಅದೇ ಹುರುಪಿನಲ್ಲಿ ಮೀನುಗಳನ್ನು ಬಕೆಟ್ಟಿಗೆ ತೆಗೆದು ದೋಣಿಯ ಒಳಮೈಗೂ ಬಳಿದು, ಹೊಸ ನೀರು ತುಂಬಿ ಮತ್ತೆ ಬಿಟ್ಟಳು. ಸುಣ್ಣ ನೀರಿಗೆ ಬಿಟ್ಟು, ಸಂಜೆಯೊಳಗೆ ಎಲ್ಲವೂ ಸತ್ತು ತೇಲಿದವು. ಅಮೀರಬಿ ಬೈಯಲಿಲ್ಲ, ಸೊಸೆಯ ಜೊತೆ ಮಾತೇ ಬಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಫಿರದೋಸ್ ಅಳುತ್ತ ನನ್ನ ಬಳಿ ಬಂದಳು. ನಾನು ಬೈಲಹೊಂಗಲದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಹಿಂದೆ ಬಡೇಸಾಬ ಸೊಳ್ಳೆ ಕಾಟಕ್ಕೆಂದು ಇವೇ ಮೀನಿನ ಮರಿಗಳನ್ನು ಊರ ಹಳೆ ಬಾವಿಗೂ ಬಿಟ್ಟಿದ್ದ. ಇಬ್ಬರೂ ಹೋಗಿ ಹಿಡಿದು ತಂದೆವು. ನೋಡಿದರೆ ಎಲ್ಲವೂ ಕೆಸರು ಬಣ್ಣದವು.

“ಇವು ನಮ್ಮವಲ್ಲ,” ಎಂದು ಅಮೀರಬಿ ನನಗೆ ಹೇಳಿದಳು.

ನನಗೆ ಸಿಟ್ಟು ಬಂತು. “ನಿಮ್ಮವ ಅದಾವ್ರಿ ಚಾಚಿ. ಬಾವ್ಯಾಗ ದೊಡ್ಡ ಮೀನ ಅದಾವ. ಮಿಂಚೋ ಗಂಡನ್ನ ಮೊದಲ ನುಂಗತಾವ. ಮಬ್ಬಾಗಿದ್ದಾವ ಉಳದು ಸಂತಾನ ಬೆಳಸ್ತಾವ. ದೋಣ್ಯಾಗ ನುಂಗಾವ್ರಿಲ್ಲ. ಇಲ್ಲೆ ಹೆಣ್ಣು ಬಣ್ಣ ನೋಡಿ ಗಂಡು ಆರಿಸ್ತಾವ.”

“ಮೀನಿಗಿದ್ದ ನಸೀಬ ನಮಗಿರಲಿಲ್ಲ ಬಿಡ್ರಿ,” ಎಂದು ಮುದುಕಿ ಒಳಗೆ ಹೋದಳು.

ಫಿರದೋಸ್ ಸುಣ್ಣವನ್ನೆಲ್ಲ ಕೆರೆದು, ದೋಣಿಯನ್ನು ತಿಂಗಳುಗಟ್ಟಲೆ ತೊಳೆದು, ಅಲ್ಲಿಯವರೆಗೆ ಬಕೆಟ್ಟಿನಲ್ಲಿಟ್ಟಿದ್ದ ಆ ಮಬ್ಬು ಮೀನುಗಳನ್ನೇ ಅದರಲ್ಲಿ ಸಾಕಿದಳು. ಯಾವ ಮೀನೂ ತನ್ನ ಬಣ್ಣ ಬದಲಿಸಲಿಲ್ಲ. ಆದರೆ ಎಲ್ಲೋ ಒಂದು ಗಂಡುಮರಿಯ ಮೈಮೇಲೆ ಸಾಸಿವೆಯಷ್ಟು ಚುಕ್ಕೆ ಮೂಡಿತು. ಹೆಣ್ಣುಗಳು ಅದನ್ನೇ ಮೆಚ್ಚಿದವು. ಅದರ ಮರಿಗಳಲ್ಲಿ ಕೆಲವಕ್ಕೆ ಚುಕ್ಕೆ ಇನ್ನಷ್ಟು ಹಿಗ್ಗಿತು. ವರ್ಷಗಟ್ಟಲೆ ಬಾಯಿಪಾಠದಂತೆ ಹೇಳಿಕೊಂಡು ಬಂದ ಪಾಠ ಕಣ್ಣೆದುರಿಗೇ ಈಜಾಡುವುದನ್ನು ಕಂಡು ನನಗೆ ಮೈ ಜುಮ್ಮೆಂದಿತು. ಕುಂಚವಿಲ್ಲ, ಬರೆಯುವವನಿಲ್ಲ, ಎಂಥ ಚೆಲುವು! ಆ ಹುಡುಗಿಯ ತಾಳ್ಮೆಗೂ ಕೈಮುಗಿಯಬೇಕು.

ಎರಡು ರಮಜಾನ್ ಕಳೆದು ಮೂರನೆಯದು ಹತ್ತಿರ ಬಂತು. ಫಿರದೋಸ್ ಸುಣ್ಣ ಕಲಸುತ್ತಿದ್ದಳು. ಅಮೀರಬಿ ಚಹಾದ ಬಟ್ಟಲು ಹಿಡಿದು ದೋಣಿಯ ಹತ್ತಿರ ಬಂದು ಬಗ್ಗಿದಳು. ಕಿತ್ತಳೆ ಚುಕ್ಕೆಯ ಪಕ್ಕದಲ್ಲಿ, ಬಡೇಸಾಬನ ಮೀನುಗಳಿಗೆ ಇಲ್ಲದಿದ್ದ ಒಂದು ನೀಲಿ ಗೆರೆಯಿತ್ತು. ಮತ್ತೆ ‘ನಮ್ಮವಲ್ಲ’ ಎಂದುಬಿಟ್ಟಾಳೆಂದು ಪಕ್ಕದಲ್ಲಿ ನಿಂತಿದ್ದ ನಾನು ಹೆದರಿದೆ.

“ಇವು ಅವರವಲ್ಲ,” ಎಂದಳು ಮುದುಕಿ. ಸೊಸೆಯ ಕೈ ನಿಂತಿತು.

“ನಿನ್ನವು, ಬೇಟಿ. ಈ ಸಲ ಸುಣ್ಣ ಗ್ವಾಡಿಗಷ್ಟ ಹಚ್ಚು.”