ಅಧ್ಯಕ್ಷರ ಬುಗ್ಗೆ

ಊರಿನ ನೀರು ಸರಬರಾಜು ಸಮಿತಿಯ ಅಧ್ಯಕ್ಷರಿಗೆ ಆ ವರ್ಷ ಎರಡು ಹೆಮ್ಮೆಗಳಿದ್ದವು. ಒಂದು, ಊರಿನ ನೆತ್ತಿಯ ಮೇಲೆ ಕೂತ ಪುಟ್ಟ ಮಣ್ಣಿನ ಅಣೆಕಟ್ಟಿನ ಬುಡದಲ್ಲಿ ತಾವು ಮಾಡಿಸಿದ ಉದ್ಯಾನ. ಇನ್ನೊಂದು, ಆ ಉದ್ಯಾನದ ನಡುವೆ ತಾನಾಗಿಯೇ ಚಿಮ್ಮಿದ ಬುಗ್ಗೆ. ಬಿರುಬೇಸಿಗೆಯಲ್ಲಿ ಊರೆಲ್ಲ ಒಣಗಿ ಕಡ್ಡಿಯಾಗಿದ್ದರೂ ಅಲ್ಲಿ ಮಾತ್ರ ಹುಲ್ಲು ಹಚ್ಚಗೆ ನಗುತ್ತಿತ್ತು. ನೀರು ಹಾಕುವ ಕೆಲಸವೇ ಇಲ್ಲದೆ ಮಾಲಿ ಮೈ ತುಂಬಿಕೊಂಡಿದ್ದ. ಇದಕ್ಕೆಲ್ಲ ತಮ್ಮ ಆಡಳಿತವೇ ಕಾರಣ ಎಂದು ಅಧ್ಯಕ್ಷರು ನಂಬಿದ್ದರು. ದಿನವೂ ಬೆಳಗ್ಗೆ ಸ್ಟೀಲ್ ಲೋಟ ಹಿಡಿದು ಹೋಗಿ, ಬುಗ್ಗೆಯ ನೀರು ಕುಡಿದು, “ಆಹಾ, ಕಲ್ಲುಸಕ್ಕರೆ!” ಎಂದು ಮಾಲಿಗೆ ಕೇಳುವಂತೆ ಹೇಳಿ ಬರುತ್ತಿದ್ದರು.

ಅಣೆಕಟ್ಟಿನ ಏರಿಯ ಹಿಂದೆ ಅಷ್ಟೊಂದು ನೀರು ಒತ್ತಿ ನಿಂತಿರುವಾಗ ಏರಿಯ ಮುಂದೆ ನೀರು ಬಂದದ್ದಾದರೂ ಎಲ್ಲಿಂದ ಎಂದು ಕೇಳುವಷ್ಟು ಕೆಟ್ಟ ಬುದ್ಧಿ ಊರಿನಲ್ಲಿ ಒಬ್ಬಳಿಗೇ ಇತ್ತು. ದುರದೃಷ್ಟಕ್ಕೆ ಅವಳು ಅವರ ಸೊಸೆ. ಇನ್ನೂ ದೊಡ್ಡ ದುರದೃಷ್ಟಕ್ಕೆ ಅದೇ ಸಮಿತಿಯ ಎಂಜಿನಿಯರ್.

“ಸರ್, ಅದು ಬುಗ್ಗೆ ಅಲ್ಲ, ಸೋರಿಕೆ. ನೀರು ಸ್ವಲ್ಪ ಇಳಿಸಿ ನೋಡ್ಬೇಕು,” ಎಂದು ಅವಳು ಕಚೇರಿಯಲ್ಲಿ ಹೇಳಿದರೆ, ಅಧ್ಯಕ್ಷರು ಅಕ್ಕಪಕ್ಕದ ಮೇಜುಗಳತ್ತ ಕಣ್ಣು ಹಾಯಿಸಿ, “ಇಲ್ಲಿ ಬೇಡಮ್ಮ, ಮನೇಲಿ ಮಾತಾಡೋಣ,” ಎನ್ನುತ್ತಿದ್ದರು.

“ಮಾವ, ಆ ಸೋರಿಕೆ ವಿಷಯ...” ಎಂದು ಮನೆಯಲ್ಲಿ ಶುರು ಮಾಡಿದರೆ, “ಊಟದ ಹೊತ್ತಲ್ಲಿ ಆಫೀಸು ತರಬೇಡಮ್ಮ,” ಎನ್ನುತ್ತಿದ್ದರು.

ಹೀಗೆ ಆ ಸೋರಿಕೆ ಮನೆಗೂ ಸಲ್ಲದೆ ಕಚೇರಿಗೂ ಸಲ್ಲದೆ ತಿಂಗಳುಗಟ್ಟಲೆ ಅಲೆಯಿತು. ಅಧ್ಯಕ್ಷರ ಹೆಂಡತಿಗೆ ಕೇಳಿ ಕೇಳಿ ಸಾಕಾಗಿ, “ರಸ್ತೇಲಿ ಅಡ್ಡ ಹಾಕಿ ಹೇಳು ಕಣೇ. ಅದು ಮನೇನೂ ಅಲ್ಲ, ಆಫೀಸೂ ಅಲ್ಲ,” ಎಂದರು.

ನೀರು ಇಳಿಸಬೇಕೆಂದರೆ ತೂಬು ಎತ್ತಬೇಕು. ತೂಬು ಎತ್ತಬೇಕೆಂದರೆ ಏರಿಯ ಮೇಲಿನ ಕಬ್ಬಿಣದ ಚಕ್ರ ತಿರುಗಿಸಬೇಕು. ಆ ಚಕ್ರವೋ, ಈಗ ಏರಿಯ ಮೇಲೆ ಇರಲೇ ಇಲ್ಲ. ಸುಮ್ಮನೆ ತುಕ್ಕು ಹಿಡಿಯುತ್ತಿದೆಯೆಂದು ಅಧ್ಯಕ್ಷರು ಅದನ್ನು ಬಿಚ್ಚಿಸಿ, ಬಂಗಾರದ ಬಣ್ಣ ಬಳಿಸಿ, ಉದ್ಯಾನದ ಬಾಗಿಲಲ್ಲಿ ಕಾಂಕ್ರೀಟ್ ಪೀಠದ ಮೇಲೆ ಭದ್ರವಾಗಿ ನೆಡಿಸಿದ್ದರು.

“ಸರ್, ಅದು ತಿರುಗಿಸೋ ಚಕ್ರ!” ಎಂದು ಸೊಸೆ ಅವತ್ತೇ ಬಾಯಿ ಬಡಿದುಕೊಂಡಿದ್ದಳು.

“ಇಷ್ಟು ವರ್ಷದಲ್ಲಿ ಅದನ್ನ ಯಾರಾದ್ರೂ ತಿರುಗಿಸಿದ್ದು ನೋಡಿದ್ದೀಯಾ?”

“ಅದನ್ನೇ ನಾನೂ ಹೇಳ್ತಿರೋದು ಸರ್.”

“ನೋಡು, ಇಬ್ಬರದೂ ಒಂದೇ ಅಭಿಪ್ರಾಯ!” ಎಂದು ಅಧ್ಯಕ್ಷರು ಮಾತು ಮುಗಿಸಿದ್ದರು.

ಒಂದು ಬೆಳಗ್ಗೆ ಅಧ್ಯಕ್ಷರು ಲೋಟ ಮುಳುಗಿಸಿದರೆ, ಬುಗ್ಗೆಯ ನೀರು ಹಾಲು ಕಡಿಮೆಯಾದ ಚಹಾದ ಹಾಗೆ ಕೆಂಪಗಿತ್ತು. ಸುತ್ತ ನುಣ್ಣನೆಯ ಮಣ್ಣು ಬಳೆಯ ಹಾಗೆ ಕೂತಿತ್ತು. ಒಂದು ಗುಟುಕು ಬಾಯಿಗೆ ಹಾಕಿ, ಥೂ ಎಂದು ಉಗಿದು, ಲೋಟದ ಸಮೇತ ದುಸುದುಸು ಎನ್ನುತ್ತ ಏರಿಯ ತುದಿಯ ರಸ್ತೆಗೆ ಹತ್ತಿದರು. ಎದುರಿಗೆ ಸ್ಕೂಟರಿನಲ್ಲಿ ಸೊಸೆ.

“ಯಾರೋ ಕಿಡಿಗೇಡಿಗಳು ನನ್ನ ಬುಗ್ಗೆ ಕಲಕಿದ್ದಾರೆ! ಇವತ್ತೇ ಕಾವಲು ಹಾಕಿಸು.”

ಸೊಸೆ ಸ್ಕೂಟರ್ ನಿಲ್ಲಿಸಿ ಲೋಟ ಇಸಿದುಕೊಂಡಳು. ಮೋಟುಗೋಡೆಯ ಮೇಲೆ ಇಟ್ಟು ಕಾದಳು. ಮಣ್ಣು ಮೆಲ್ಲಗೆ ತಳಕ್ಕೆ ಇಳಿಯಿತು. ಅದು ರಸ್ತೆ; ಸರ್ ಎಂದರೂ ನಡೆಯುತ್ತಿತ್ತು, ಮಾವ ಎಂದರೂ ನಡೆಯುತ್ತಿತ್ತು.

“ಮಾವ, ಇಷ್ಟು ದಿನ ನೀರು ಬರ್ತಿತ್ತು. ಈಗ ಏರಿ ಬರ್ತಿದೆ.”

“ಅಂದ್ರೆ?”

“ಒಳಗಿಂದ ಮಣ್ಣು ಕೊಚ್ಚಿಕೊಂಡು ಬರ್ತಿದೆ. ಹೀಗೇ ಬಿಟ್ರೆ ಏರಿ ಟೊಳ್ಳಾಗಿ ಕುಸಿಯುತ್ತೆ.”

“ಮತ್ತೆ ತಡ ಯಾಕೆ, ಸಿಮೆಂಟ್ ಹಾಕಿ ಬಾಯಿ ಮುಚ್ಚಿಸು!”

“ಇಲ್ಲಿ ಮುಚ್ಚಿದ್ರೆ ಇನ್ನೊಂದು ಕಡೆ ಬಾಯಿ ಬಿಡುತ್ತೆ. ನೀರು ಹೋಗ್ಲಿ, ಮಣ್ಣು ಹೋಗ್ಬಾರ್ದು. ಅದಕ್ಕೆ ಮರಳು, ಜಲ್ಲಿ ಹಾಕಿಸ್ತೀನಿ. ಆದ್ರೆ ಹಿಂದಿನ ನೀರು ಇವತ್ತೇ ಇಳೀಬೇಕು. ನನಗೆ ಆ ಚಕ್ರ ಬೇಕು.”

“ಸಮಿತಿ ಸಭೆ ಕರೆದು, ಎಲ್ಲರ ಒಪ್ಪಿಗೆ...” ಎನ್ನುತ್ತ ಅಧ್ಯಕ್ಷರು ಬಲಕ್ಕೆ ತಿರುಗಿದರು. ಅಲ್ಲಿ ಕೆರೆ ತುಂಬಿ ನಿಂತಿತ್ತು. ಎಡಕ್ಕೆ ತಿರುಗಿದರು. ಏರಿಯ ಕೆಳಗಿನ ಮೊದಲ ಮನೆ ಅವರದೇ. ಮಹಡಿಯ ಮೇಲೆ ಹೆಂಡತಿ ಬಟ್ಟೆ ಒಣಹಾಕುತ್ತಿದ್ದರು. ಲೋಟದ ಮುಂದೆ ನಿಂತ ಗಂಡನನ್ನು ಕಂಡು, ಏನಾಯ್ತು ಎಂದು ಕೈ ಆಡಿಸಿದರು. ಅಧ್ಯಕ್ಷರು ಮತ್ತೊಮ್ಮೆ ಬಲಕ್ಕೆ ನೋಡಿದರು. ನೀರು ಹೆಂಡತಿಯ ತಲೆಗಿಂತ ಎತ್ತರದಲ್ಲಿತ್ತು. ದಿನಾ ನೋಡಿದ ನೋಟವೇ. ಇವತ್ತು ಮಾತ್ರ ಅವರು ಸಭೆಯ ಮಾತನ್ನು ಅಲ್ಲಿಗೇ ಬಿಟ್ಟರು.

“ಕೆಳಗಿನ ಬೀದಿಯವರನ್ನೆಲ್ಲ ಮೇಲಿನ ಶಾಲೆಗೆ ಕಳಿಸು. ಮೊದಲು ನಿಮ್ಮತ್ತೆ,” ಎಂದರು. ಆಮೇಲೆ ಉದ್ಯಾನದತ್ತ ಕೂಗಿದರು: “ಏಯ್ ಮಾಲಿ, ಹಾರೆ ತಾರೋ!”

ಅಧ್ಯಕ್ಷರ ಕಾಲದಲ್ಲಿ ಆ ಊರಿನಲ್ಲಿ ಗಟ್ಟಿಯಾಗಿ ಕಟ್ಟಿದ್ದು ಏನಾದರೂ ಇದ್ದರೆ ಆ ಪೀಠವೊಂದೇ. ಹಾರೆ ಬಗ್ಗಿತು, ಮಾಲಿಯ ಸೊಂಟ ಹಿಡಿಯಿತು, ಅಧ್ಯಕ್ಷರ ಅಂಗೈ ಬೊಬ್ಬೆ ಎದ್ದಿತು, ಪೀಠ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಬಟ್ಟೆಗಂಟು ಹೊತ್ತು ಮೇಲೆ ಹೋಗುತ್ತಿದ್ದ ಹೆಂಡತಿ ಒಂದು ಗಳಿಗೆ ನಿಂತರು.

“ಏರಿಗೆ ಕೊಡೋ ಗಟ್ಟಿತನವನ್ನೆಲ್ಲ ಇದಕ್ಕೇ ಕೊಟ್ರಾ?”

“ನೀನು ಮೊದಲು ಹತ್ತು ಮಾರಾಯ್ತಿ!”

ಬಿಸಿಲು ನೆತ್ತಿಗೇರುವ ಹೊತ್ತಿಗೆ ಪೀಠ ಬಿರಿಯಿತು. ಬಂಗಾರದ ಚಕ್ರ ಮತ್ತೆ ಏರಿಯ ಮೇಲೇರಿತು. ಅಧ್ಯಕ್ಷರು ಆವೇಶದಲ್ಲಿ ಗರಗರ ತಿರುಗಿಸಲು ಹೋದರೆ ಸೊಸೆ ಕೈ ಹಿಡಿದಳು.

“ನಿಧಾನ ಮಾವ. ಒಂದೇ ಸಲ ಇಳಿಸಿದ್ರೆ ಒಳಮಗ್ಗುಲಿನ ಮಣ್ಣು ಜಾರುತ್ತೆ.”

“ಇಷ್ಟು ದಿನ ನಿಧಾನ ಮಾಡ್ದೆ ಅಂತ ಬೈದೆ, ಈಗ ಅವಸರ ಮಾಡ್ದೆ ಅಂತ ಬೈತೀಯ!”

ಕೆರೆ ಇಳಿದಂತೆ ಬುಗ್ಗೆ ಮೊದಲು ತಿಳಿಯಾಯಿತು, ಆಮೇಲೆ ಸಣ್ಣಗಾಯಿತು, ಕೊನೆಗೆ ನಿಂತೇ ಹೋಯಿತು. ಹುಲ್ಲು ಹಳದಿಯಾಯಿತು. ಮಾಲಿಗೆ ಜೀವನದಲ್ಲಿ ಮೊದಲ ಸಲ ಕೆಲಸ ಬಂತು.

ಜನ ಮನೆಗಳಿಗೆ ಮರಳಿದವರೇ, ನಲ್ಲಿಯಲ್ಲಿ ನೀರು ಯಾಕೆ ಸಣ್ಣಗೆ ಬರುತ್ತಿದೆ ಎಂದು ಜಗಳಕ್ಕೆ ಬಂದರು. ಊರು ಉಳಿದದ್ದನ್ನು ಯಾರೂ ಕೇಳಲಿಲ್ಲವಾದ್ದರಿಂದ ಅಧ್ಯಕ್ಷರು ತಾವೇ ಹೇಳಿದರು: “ಅಪಾಯವನ್ನ ಮೊದಲು ಬಾಯಲ್ಲಿಟ್ಟು ರುಚಿ ನೋಡಿ ಕಂಡುಹಿಡಿದವನು ನಾನೇ.” ಅದು ಸುಳ್ಳೂ ಅಲ್ಲ.

ರಾತ್ರಿ ಊಟಕ್ಕೆ ಕೂತಾಗ ಸೊಸೆ ಮೆಲ್ಲಗೆ ತೆಗೆದಳು. “ಮಾವ, ಮಳೆಗಾಲದ ಒಳಗೆ ಏರಿ ಅಗೆದು ಸರಿ ಮಾಡ್ಬೇಕು.”

“ಊಟದ ಹೊತ್ತಲ್ಲಿ ಆ...” ಎಂದು ಅಧ್ಯಕ್ಷರು ಬಾಯಿ ತೆರೆದರು.

ಹೆಂಡತಿ ತಟ್ಟನೆ ಅವರ ತಟ್ಟೆ ಎತ್ತಿಕೊಂಡು ಎದ್ದರು. “ಬನ್ನಿ, ರಸ್ತೇಲಿ ಬಡಿಸ್ತೀನಿ.”

ಅಧ್ಯಕ್ಷರು ತಟ್ಟೆಯನ್ನು ನೋಡಿದರು, ಬೊಬ್ಬೆ ಎದ್ದ ಅಂಗೈ ನೋಡಿಕೊಂಡರು.

“ತಟ್ಟೆ ಇಡೇ,” ಎಂದರು. ಆಮೇಲೆ ಸೊಸೆಯ ಕಡೆ ತಿರುಗಿ, “ಇಲ್ಲೇ ಹೇಳಮ್ಮ. ಎಲ್ಲಿಂದ ಅಗೀಬೇಕು?”