ರೊಟ್ಟಿಕೂಸಿನ ಮುಖದ ಹಿಂದೆ ನೋಟು ಇಡಬೇಡಿ

ನಮ್ಮ ಊರಿನಲ್ಲಿ ಹತ್ತು ಮನೆಗೆ ಒಬ್ಬ ಹುಡುಗ ಚಿನ್ನದ ಗಣಿಗೆ ಹೋಗಿದ್ದಾನೆ. ಕೇಳಿದರೆ ಹಾಗೇ ಹೇಳುತ್ತಾರೆ. ಅಷ್ಟೂ ಜನ ನಿಜವಾಗಿ ಗಣಿಯಲ್ಲಿ ಇದ್ದಿದ್ದರೆ ನಮ್ಮ ಇಗರ್ಜಿಯ ತಗಡಿನ ಮಾಡಿಗೆ ಇಷ್ಟರಲ್ಲಿ ಚಿನ್ನ ಹೊದಿಸಬಹುದಿತ್ತು. ಅವರು ಗಣಿಯಲ್ಲಿಲ್ಲ. ಪಟ್ಟಣದ ಜೈಲಿನಲ್ಲಿದ್ದಾರೆ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ. ಬಾಯಿ ಬಿಡದವರು ಒಳಗಿರುವವನಿಗೆ ದುಡ್ಡು ಹೇಗೆ ಕಳಿಸುವುದು, ಕಾಗದ ಹೇಗೆ ಹಾಕುವುದು ಎಂದು ಯಾರನ್ನೂ ಕೇಳುವುದೂ ಇಲ್ಲ. ತೋಚಿದ್ದು ಮಾಡುತ್ತಾರೆ. ಆಮೇಲೆ ಅಳುತ್ತಾರೆ.

ನನ್ನ ಕೊಮಾದ್ರೆ ಎಪಿಫಾನಿಯಾ ಮಾಡಿದ್ದೂ ಅದೇ. ತಾಯಂದಿರ ಸಂಘದಲ್ಲಿ ಓದುವುದಕ್ಕೆ ಇದನ್ನು ಬರೆಯುತ್ತೇನೆ ಅಂದಾಗ ಅವಳೇ ಹೇಳಿದಳು: "ಬರಿ. ನನ್ನ ಹೆಸರನ್ನೂ ಹಾಕು. ಇನ್ನೊಬ್ಬಳು ದಡ್ಡಿ ಆಗೋದು ಬೇಡ."

ಅವಳ ಮಗ ವಿಲ್ಬರ್‌ನ ಜ್ಞಾನಸ್ನಾನದ ದಿನ ಅವನನ್ನು ಎತ್ತಿಕೊಂಡು ನಿಂತವಳು ನಾನು, ಅವನ ಜ್ಞಾನತಾಯಿ. ಅದಕ್ಕೇ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಅವಳ ಗಂಡ ತಿಯೋಫಿಲೊ ನನಗೆ ಕೊಂಪಾದ್ರೆ. ವಿಲ್ಬರ್ ಕದ್ದ ದನ ತುಂಬಿದ ಲಾರಿ ಓಡಿಸಿ ಸಿಕ್ಕಿಬಿದ್ದ. ದನ ಪಕ್ಕದ ಊರಿನವು. ಐದು ವರ್ಷ ಶಿಕ್ಷೆ ಆಯಿತು. ತಪ್ಪು ಮಾಡಿದ್ದಾನೆ, ಅನುಭವಿಸಲಿ. ಅದರಲ್ಲಿ ನನ್ನ ತಕರಾರಿಲ್ಲ. ತಿಯೋಫಿಲೊ ಅಂದೇ "ನನಗೆ ಮಗ ಇಲ್ಲ" ಅಂದುಬಿಟ್ಟ. ಎಪಿಫಾನಿಯಾ ಮಾತ್ರ ತಿಂಗಳಿಗೊಮ್ಮೆ ನಾಲ್ಕು ತಾಸು ಬಸ್ಸಿನಲ್ಲಿ ಕೂತು ಹೋಗಿ ಬರುತ್ತಿದ್ದಳು.

ಕಳೆದ ನವೆಂಬರಿನಲ್ಲಿ ಸಕಲ ಸಂತರ ಹಬ್ಬ ಬಂತು. ಎಲ್ಲರ ಮನೆಯಲ್ಲೂ ರೊಟ್ಟಿಕೂಸು ಮಾಡುವ ದಿನ. ಹಿಟ್ಟನ್ನು ಬಟ್ಟೆ ಸುತ್ತಿದ ಕೂಸಿನ ಹಾಗೆ ತಟ್ಟಿ, ಕೆನ್ನೆಗೆ ಕೆಂಪು ಬಳಿದ ಗಾರೆಯ ಪುಟ್ಟ ಮುಖ ಅಂಟಿಸಿ, ಒಲೆಗೆ ಹಾಕುತ್ತೇವೆ. ಎಪಿಫಾನಿಯಾಳ ಮಣ್ಣಿನ ಒಲೆಯಲ್ಲಿ ಬೆಂದ ರೊಟ್ಟಿಗೆ ನಮ್ಮ ಕಣಿವೆಯಲ್ಲೇ ಹೆಸರು. ಅವಳು ಮಗನಿಗೂ ಒಂದು ಕೂಸು ಮಾಡಿದಳು. ಬೆಂದ ಮೇಲೆ ಮುಖವನ್ನು ಮೆಲ್ಲಗೆ ಎಬ್ಬಿಸಿ, ಅದರ ಹಿಂದೆ ನೂರು ಸೋಲ್ ಬೆಲೆಯ ನೋಟೊಂದನ್ನು ಉಗುರಿನಷ್ಟು ಮಡಚಿ ಇಟ್ಟು, ಸಕ್ಕರೆ ಪಾಕದಲ್ಲಿ ಮತ್ತೆ ಅಂಟಿಸಿದಳು.

ಜೈಲಿನ ಬಾಗಿಲಲ್ಲಿ ಕಾವಲುಗಾರ ಚಾಕುವಿನ ತುದಿಯಿಂದ ಆ ಮುಖ ಎಬ್ಬಿಸಿದ.

"ಕೂಸಿನ ಮುಖಾನೇ ಕಿತ್ಬಿಟ್ಟ ಕೊಮಾದ್ರೆ!" ಅಂತ ವಾಪಸು ಬಂದು ಎದೆ ಬಡಿದುಕೊಂಡಳು.

"ಮತ್ತೇನು, ಮುತ್ತು ಕೊಡ್ತಾನಾ? ಅವನ ಕೆಲಸಾನೇ ಅದು. ನೋಟು ಯಾಕೆ ಇಟ್ಟೆ?"

"ಇನ್ನು ಹೆಂಗೆ ಕೊಡ್ಲಿ?"

"ನನ್ನ ಕೇಳಬೇಕಿತ್ತು."

"ಕೇಳಿದ್ರೆ ಬೈತೀಯ."

"ಈಗೇನು ಹಾಡು ಹಾಡ್ತಿದ್ದೀನಾ?"

ನೋಟು ಹೋಯಿತು. ಮೂರು ತಿಂಗಳು ಅವಳು ಭೇಟಿಗೆ ಹೋಗುವಂತಿಲ್ಲ ಅಂದರು. ಒಳಗೆ ವಿಲ್ಬರ್‌ನನ್ನೂ ಕರೆದು ವಿಚಾರಣೆ ಮಾಡಿದರಂತೆ. ಅಷ್ಟಕ್ಕೇ ನಿಲ್ಲಲಿಲ್ಲ. ಯಾರೋ "ಪೊಲೀಸರು ಇನ್ನು ನಿನ್ನ ಫೋನನ್ನೂ ಕೇಳಿಸ್ಕೊಳ್ತಾರೆ" ಅಂದರು ಅಂತ ಈ ಮಹಾತಾಯಿ ಫೋನಿನ ಸಿಮ್ಮನ್ನು ಕಲ್ಲಿನಲ್ಲಿ ಜಜ್ಜಿ ಹೊಸ ನಂಬರು ಹಾಕಿಸಿಕೊಂಡಳು. ನನಗೆ ಹೇಳಲಿಲ್ಲ. ವಿಲ್ಬರ್‌ಗೆ ಬಾಯಿಪಾಠ ಇದ್ದದ್ದು ಅಮ್ಮನ ಆ ಒಂದೇ ನಂಬರು.

ಜನವರಿ ಕೊನೆಯಲ್ಲಿ, ಬಿಡುಗಡೆಯಾದ ಒಬ್ಬ ಮನುಷ್ಯ ನಮ್ಮ ಅಂಗಳಕ್ಕೆ ಬಂದ. ಎಪಿಫಾನಿಯಾಳ ಮನೆಗೆ ಹೋದರೆ ತಿಯೋಫಿಲೊ ನಾಯಿ ಬಿಡುತ್ತಾನೆಂದು ನನ್ನ ಹತ್ತಿರ ಬಂದಿದ್ದ. ಒಂದು ಬಟ್ಟಲು ಸೂಪು ಕೊಟ್ಟೆ. ಕುಡಿಯುತ್ತಾ ಹೇಳಿದ: "ವಿಲ್ಬರ್‌ಗೆ ಸೋಪಿಲ್ಲ. ಚಪ್ಪಲಿ ಹೊಲಿಯೋಕೆ ಚರ್ಮ ತಗೊಳ್ಳೋಕೆ ಕಾಸಿಲ್ಲ, ಕೆಲಸ ನಿಂತಿದೆ. ಫೋನ್ ಮಾಡಿದ್ರೆ ನಂಬರ್ ಇಲ್ಲ ಅಂತ ಬರುತ್ತೆ. ಮನೆಯೋರು ಕೈ ಬಿಟ್ರು ಅಂದ್ಕೊಂಡಿದ್ದಾನೆ. ಅಲ್ಲಿ ಒಬ್ಬ ದೊಡ್ಡವನು ಅವನಿಗೆ ಕಂಬಳಿ ಕೊಟ್ಟಿದ್ದಾನೆ."

ನನ್ನ ಗಂಡ ಕಾಸಿಮಿರೊ ಅದೇ ಕಟ್ಟಡದಲ್ಲಿ ಮೂರು ವರ್ಷ ಇದ್ದು ಬಂದವನು. ಆ ಮಾತನ್ನು ಅವನು ಎತ್ತುವುದೇ ಇಲ್ಲ. ಅವತ್ತು ಚಮಚ ಕೆಳಗಿಟ್ಟ.

"ಕಂಬಳಿ ಈಸ್ಕೊಂಡ್ನಾ?"

"ಈಸ್ಕೊಂಡ. ಚಳಿ ಅಲ್ವಾ."

"ಮೊದಲು ಕಂಬಳಿ," ಅಂದ ಕಾಸಿಮಿರೊ ನನ್ನ ಕಡೆ ತಿರುಗಿ. "ಆಮೇಲೆ ಅವನ ಚೀಲ ಕಾಯೋದು. ಹೊರಗೆ ಬಂದ ಮೇಲೂ ಅವನು ಹೇಳಿದ ಲಾರಿನೇ ಓಡಿಸೋದು. ಈ ವಾರಾನೇ ಹೋಗು ದೊಮಿತಿಲಾ. ತಡ ಮಾಡಬೇಡ."

ಜೈಲಿನಲ್ಲಿ ಸರಕಾರ ಮಲಗಲು ಜಾಗ ಕೊಡುತ್ತದೆ, ಒಂದಿಷ್ಟು ಊಟ ಕೊಡುತ್ತದೆ. ಸೋಪು, ಹಲ್ಲುಪುಡಿ, ಬೆಚ್ಚಗಿನ ಹೊದಿಕೆ ಮನೆಯಿಂದ ಬರಬೇಕು. ಮನೆಯಿಂದ ಬರದಿದ್ದರೆ ಬೇರೆ ಕಡೆಯಿಂದ ಬರುತ್ತದೆ, ಮತ್ತು ಅದನ್ನು ಕೊಟ್ಟವನು ಮರೆಯುವುದಿಲ್ಲ.

ನಾನು ನೇರ ಎಪಿಫಾನಿಯಾಳ ಮನೆಗೆ ಓಡಿದೆ. ಅವಳಿರಲಿಲ್ಲ. ಮೂಲೆಯ ಅಂಗಡಿಯಲ್ಲಿ ಸಿಕ್ಕಳು. ಕಿವಿಗೆ ಫೋನು, ಕಣ್ಣಲ್ಲಿ ನೀರು. ಒಂದು ಕೈ ಲಂಗದ ಮಡಿಕೆಯೊಳಗಿಂದ ದುಡ್ಡಿನ ಗಂಟು ತೆಗೆಯುತ್ತಿತ್ತು.

"ಏನೇ ಅದು?"

"ಶ್! ವಿಲ್ಬರ್‌ಗೆ ಹೊಡೆದಿದ್ದಾರಂತೆ. ಆಸ್ಪತ್ರೆಗೆ ಮುನ್ನೂರು ಸೋಲ್ ಬೇಕಂತೆ. ಅರ್ಧ ಗಂಟೇಲಿ ಈ ಫೋನ್ ನಂಬರಿಗೆ ಹಾಕ್ಬೇಕಂತೆ."

"ಯಾರು ಹೇಳಿದ್ದು?"

"ಒಳಗಿನ ಜನ ಗೊತ್ತಿರೋ ಒಬ್ರು. ಬಸ್ ನಿಲ್ದಾಣದಲ್ಲಿ ಸಿಕ್ಕಿದ್ರು, ನನ್ನ ಹೊಸ ನಂಬರ್ ಈಸ್ಕೊಂಡಿದ್ರು. ಬಹಳ ಒಳ್ಳೆಯವರು, ಟೈ ಕಟ್ಟಿದ್ರು."

ನಾನು ಫೋನು ಕಿತ್ತುಕೊಂಡೆ.

"ನಮಸ್ಕಾರ ಸ್ವಾಮಿ. ನಾನು ವಿಲ್ಬರ್‌ನ ಜ್ಞಾನತಾಯಿ. ಹುಡುಗನ್ನ ನೀವೇ ಕಣ್ಣಾರೆ ನೋಡಿದ್ರಾ?"

"ನೋಡಿದೆ ತಾಯಿ, ರಕ್ತ ಸುರೀತಿದೆ."

"ಅಯ್ಯೋ ಪಾಪ. ಅವನ ಕತ್ತರಿಸಿ ಹೋಗಿರೋ ಬೆರಳಿಗೂ ಏಟು ಬಿದ್ದಿದೆಯಾ?"

"ಹೌದು ತಾಯಿ, ಆ ಬೆರಳಿಗೇ ಜಾಸ್ತಿ."

"ನನ್ನ ಮಗನಿಗೆ ಹತ್ತೂ ಬೆರಳು ನೆಟ್ಟಗಿವೆ ಕಣೋ ಕಳ್ಳ! ನಿನ್ನ ಟೈಯಲ್ಲೇ ನಿನ್ನ ನೇಣು ಹಾಕ್ತೀನಿ!"

ಫೋನು ಕಡಿದು ಹೋಯಿತು. ಅಂಗಡಿಯವಳು ನಕ್ಕಳು. ಎಪಿಫಾನಿಯಾ ಅಲ್ಲೇ ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕೂತಳು.

"ಹಂಗಾದ್ರೆ ಹೊಡೆದಿಲ್ವಾ ಅವನಿಗೆ?"

"ಹೊಡೆದಿಲ್ಲ. ಅದಕ್ಕಿಂತ ಕೆಟ್ಟದಾಗಿದೆ," ಅಂದೆ. ಕಂಬಳಿಯ ವಿಷಯ ಹೇಳಿದೆ. ಅವಳಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಆ ಲಾರಿಯ ಕಥೆ ಶುರುವಾದದ್ದೂ ಯಾರೋ ಕೊಡಿಸಿದ ಒಂದು ಜೊತೆ ಬೂಟಿನಿಂದಲೇ.

ಮರುದಿನ ಬೆಳಗಿನ ಬಸ್ಸಿಗೇ ಹೊರಟೆವು. ಇಬ್ಬರೂ ಗುರುತಿನ ಚೀಟಿ ಹಿಡಿದುಕೊಂಡೆವು. ದಾರಿಯುದ್ದಕ್ಕೂ ಅವಳ ಗೊಣಗಾಟ.

"ನನ್ನ ಭೇಟಿ ನಿಲ್ಲಿಸಿದ್ದಾರೆ. ಬಾಗಿಲಲ್ಲೇ ಓಡಿಸ್ತಾರೆ."

"ಭೇಟಿ ನಿಂತಿದೆ. ಕಾಗದ ನಿಂತಿಲ್ಲ, ದುಡ್ಡು ನಿಂತಿಲ್ಲ, ಫೋನು ನಿಂತಿಲ್ಲ. ಫೋನ್ ನಿಲ್ಲಿಸಿದೋಳು ನೀನು."

ಜೈಲಿನ ಪಕ್ಕದ ಬಾಗಿಲಲ್ಲಿ ಕೈದಿಗಳ ಮನೆಯವರಿಗೆಂದೇ ಒಂದು ಕಿಟಕಿ ಇದೆ. ಎರಡು ವರ್ಷದಿಂದ ಎಪಿಫಾನಿಯಾ ಅದರ ಮುಂದೆಯೇ ನಡೆದು ಹೋಗಿದ್ದಾಳೆ, ಒಂದು ದಿನವೂ ನಿಂತಿಲ್ಲ. ಅಲ್ಲಿ ಕೂತಿದ್ದ ಗುಮಾಸ್ತೆ, ನಾವೆಲ್ಲ ಸೆನ್ಯೋರಾ ಅನ್ನುವ ಹೆಂಗಸು, ವಿಲ್ಬರ್‌ನ ಪೂರ್ತಿ ಹೆಸರು ಮತ್ತು ಅವನ ಕೈದಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಒಳಗಿರುವ ಪ್ರತಿಯೊಬ್ಬನ ಹೆಸರಿನಲ್ಲೂ ಒಂದು ಲೆಕ್ಕ ಇರುತ್ತದೆ, ಬ್ಯಾಂಕಿನಲ್ಲಿ ಆ ಸಂಖ್ಯೆ ಹೇಳಿ ಕಟ್ಟಿದರೆ ಅವನು ಒಳಗಿನ ಅಂಗಡಿಯಲ್ಲಿ ಸೋಪನ್ನೂ ಕಾರ್ಖಾನೆಯಲ್ಲಿ ಚರ್ಮವನ್ನೂ ತೆಗೆದುಕೊಳ್ಳಬಹುದು ಅಂದಳು.

ಎಪಿಫಾನಿಯಾ ನನ್ನ ಕಿವಿಯಲ್ಲಿ, "ರಸೀತಿ ಕೊಟ್ಟು ದುಡ್ಡು ನುಂಗಿದ್ರೆ?" ಅಂದಳು.

"ರಸೀತಿ ಇದ್ರೆ ಇದೇ ಕಿಟಕಿಗೆ ಬಂದು ಕೂಗಾಡಬಹುದು. ನಾನು ಬಂದು ಕೂಗಾಡ್ತೀನಿ. ರೊಟ್ಟೀಲಿ ಹೋದ ನೋಟಿನ ವಿಷಯ ಯಾರನ್ನ ಕೇಳ್ತೀಯ?"

ಸೆನ್ಯೋರಾಗೆ ಕೇಳಿಸಿರಬೇಕು. "ಅವರು ಹೇಳೋದು ಸರಿ ಅಮ್ಮ. ರಸೀತಿ ಎಸೀಬೇಡಿ," ಅಂದಳು. ಆಮೇಲೆ ಭೇಟಿಯ ಪುಸ್ತಕ ತಿರುಗಿಸಿ, "ನಿಮ್ಮ ತಡೆ ಮುಗಿಯೋಕೆ ಇನ್ನೂ ದಿನ ಇದೆ. ಆದರೆ ತಿಯೋಫಿಲೊ ಅಂತ ಇನ್ನೊಬ್ಬರ ಹೆಸರಿದೆಯಲ್ಲ, ಅವರಿಗೇನೂ ತಡೆ ಇಲ್ಲ. ಅವರು ಯಾಕೆ ಬರಲ್ಲ?" ಅಂದಳು.

ನಾವಿಬ್ಬರೂ ಪುಸ್ತಕಕ್ಕೆ ಬಗ್ಗಿದೆವು. ಯಾರು ಯಾರು ತನ್ನನ್ನು ನೋಡಲು ಬರಬಹುದೆಂದು ವಿಲ್ಬರ್ ಮೊದಲ ವಾರವೇ ಬರೆಸಿದ ಪಟ್ಟಿ ಅದು. ಮೊದಲನೇ ಸಾಲಿನಲ್ಲಿ ಅಪ್ಪ. ಎರಡನೇ ಸಾಲಿನಲ್ಲಿ ಅಮ್ಮ. ಅಮ್ಮನ ಹೆಸರಿನ ಮುಂದೆ ತಾರೀಖುಗಳ ಸಾಲು. ಅಪ್ಪನ ಹೆಸರಿನ ಮುಂದೆ ಏನೂ ಇಲ್ಲ.

ಬ್ಯಾಂಕಿನಲ್ಲಿ ನೂರು ಸೋಲ್ ಕಟ್ಟಿದೆವು, ಹಬ್ಬದ ದಿನ ಕಳೆದುಕೊಂಡಷ್ಟೇ. ಫೋನಿನ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ, ಹೆಬ್ಬೆಟ್ಟು ಒತ್ತಿ, ಹಳೆಯ ನಂಬರನ್ನೇ ವಾಪಸು ತೆಗೆದುಕೊಂಡೆವು. ಇನ್ನಷ್ಟು ತಡವಾಗಿದ್ದರೆ ಅದು ಬೇರೆ ಯಾರಿಗೋ ಹೋಗುತ್ತಿತ್ತಂತೆ. ಚೌಕದ ಬೆಂಚಿನ ಮೇಲೆ ಕೂತು ಕಾಗದ ಬರೆದೆವು. ಅವಳು ಹೇಳಿದಳು, ನಾನು ಬರೆದೆ. ಬಿಳಿ ಹಾಳೆ, ಅಂಟಿಸದ ಲಕೋಟೆ, ಯಾಕೆಂದರೆ ಅವರು ಓದಿಯೇ ಒಳಗೆ ಕೊಡುತ್ತಾರೆ.

"ಚೆನ್ನಾಗಿ ಊಟ ಮಾಡು ಅಂತ ಬರಿ."

"ಜೈಲಿನಲ್ಲಿ ಇರೋನಿಗೆ ಚೆನ್ನಾಗಿ ಊಟ ಮಾಡು ಅಂತಾರಾ? ಬೇರೆ ಹೇಳು."

"ಒಲೆ ಬಾಯಿ ಬಿರುಕು ಬಿಟ್ಟಿದೆ. ನೀನು ಬಂದು ಮೆತ್ತಬೇಕು. ಹಳೇ ನಂಬರು ಮತ್ತೆ ನನ್ನ ಹತ್ರ ಇದೆ. ನಾವು ನಿನ್ನ ಕೈ ಬಿಟ್ಟಿಲ್ಲ. ಅಷ್ಟೇ ಬರಿ."

ಅಷ್ಟೇ ಬರೆದೆ.

ಊರಿಗೆ ಬಂದಾಗ ತಿಯೋಫಿಲೊ ಬಾಗಿಲಲ್ಲಿ ಕೂತು ಅವರೆ ಸುಲಿಯುತ್ತಿದ್ದ.

"ಗಣಿಯಿಂದ ಬಂದ್ರಾ?" ಅಂತ ಕುಟುಕಿದ.

"ಹೌದು ಕೊಂಪಾದ್ರೆ. ಗಣೀಲಿ ನಿಮ್ಮ ಹೆಸರು ಸಿಕ್ತು," ಅಂದೆ.

"ನನ್ನ ಹೆಸರು ಅಲ್ಯಾಕೆ ಇರುತ್ತೆ?"

"ಅವನು ಬರೆಸಿದ್ದಾನೆ. ಎರಡು ವರ್ಷದ ಹಿಂದೆ. ಮೊದಲನೇ ಸಾಲಿನಲ್ಲಿ, ಅಮ್ಮನಿಗಿಂತ ಮೇಲೆ. ಮುಂದಿನ ಜಾಗ ಖಾಲಿ ಇದೆ."

"ದನಗಳ್ಳನಿಗೆ ನಾನು ಅಪ್ಪ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಬೇಡ ಬಿಡಿ! ಅಲ್ಲಿ ಇನ್ನೊಬ್ಬ ಅಪ್ಪ ಸಿಕ್ಕಿದ್ದಾನೆ. ಕಂಬಳಿ ಹೊದಿಸಿದ್ದಾನೆ. ಇನ್ನು ಸೋಪೂ ಕೊಡ್ತಾನೆ. ನಾಳೆ ಬಿಟ್ಟ ಮೇಲೆ ಆ ಅಪ್ಪ ಹೇಳಿದ ಕಡೆಗೇ ಲಾರಿ ಹೋಗುತ್ತೆ. ಆ ದನದ ಮನೆಯೋರು ಮತ್ತೆ ನಿಮ್ಮ ಬಾಗಿಲಿಗೇ ಬರ್ತಾರೆ. ಆಗ ಹೇಳಿ, ನಾನು ಅಪ್ಪ ಅಲ್ಲ ಅಂತ!"

ಅವನು ಅವರೆ ಸುಲಿಯುವುದು ನಿಲ್ಲಿಸಿದ. ಸಿಪ್ಪೆ ಯಾವುದು ಕಾಳು ಯಾವುದು ನೋಡದೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ.

"ಗಂಡಸರ ಭೇಟಿ ಯಾವತ್ತು?" ಅಂದ ಕಡೆಗೆ.

"ಶನಿವಾರ."

"ಕಂಬಳಿ ಒಳಗೆ ಬಿಡ್ತಾರಾ?"

"ಕೇಳ್ಕೊಂಡೇ ಬಂದಿದ್ದೀವಿ. ಒಂದೇ ಬಣ್ಣದ್ದು ಆಗುತ್ತೆ, ಪಟ್ಟೆ ಇರೋದು ಬೇಡ."

ಅವರ ಮನೆಯಲ್ಲಿ ಪಟ್ಟೆ ಇಲ್ಲದ ಕಂಬಳಿ ಒಂದೇ ಇತ್ತು, ತಿಯೋಫಿಲೊ ಹೊದೆಯುವುದು. ಅದನ್ನೇ ಮಡಚಿದ. ಕಾಸಿಮಿರೊ ಹೋಗಿ ಅವನಿಗೆ ಪಾಠ ಮಾಡಿದ: ಕಪ್ಪು ಬಟ್ಟೆ ಬೇಡ, ಬೆಲ್ಟು ಬೇಡ, ಸೋಪನ್ನು ಕಾಗದ ಬಿಚ್ಚಿ ಪಾರದರ್ಶಕ ಚೀಲದಲ್ಲಿ ಹಾಕಿಕೊ, ಯಾರು ಏನೇ ಅಂದರೂ ಇನ್ನೊಬ್ಬರ ಪೊಟ್ಟಣ ಮುಟ್ಟಬೇಡ, ಗುರುತಿನ ಚೀಟಿ ಮರೆಯಬೇಡ. "ಮುಖ ಗಂಟು ಹಾಕ್ಕೊಳ್ಳೋಕೆ ಅಲ್ಲಿ ತಡೆ ಇಲ್ಲ, ಆದ್ರೂ ಸ್ವಲ್ಪ ಸಡಿಲ ಮಾಡು," ಅಂತಲೂ ಹೇಳಿದ.

ಶನಿವಾರ ಹೋದ ತಿಯೋಫಿಲೊ ಖಾಲಿ ಕೈಯಲ್ಲಿ ವಾಪಸು ಬಂದ. "ತೆಳ್ಳಗಾಗಿದ್ದಾನೆ" ಅಂದ.

ಮಂಗಳವಾರ ನಾನೂ ಎಪಿಫಾನಿಯಾಳೂ ಒಲೆಗೆ ರೊಟ್ಟಿ ಹಾಕುತ್ತಿದ್ದೆವು. ಅವಳ ಲಂಗದ ಜೇಬಿನಲ್ಲಿ ಹಳೇ ನಂಬರಿನ ಫೋನು ಬಡಿದುಕೊಂಡಿತು. ಹಿಟ್ಟು ಮೆತ್ತಿದ ಕೈಯಲ್ಲೇ ಒತ್ತಿದಳು. ನಾನೂ ಕಿವಿ ಹಚ್ಚಿದೆ.

"ಅಮ್ಮಾ, ಕಾಗದ ಬಂತು. ದುಡ್ಡೂ ಬಂದಿದೆ. ಚರ್ಮ ತಗೊಂಡೆ, ಇವತ್ತಿಂದ ಕೆಲಸ."

"ಚಳಿ ಆಗ್ತಿದೆಯಾ ಕಂದ?"

"ಇಲ್ಲಮ್ಮ. ಅಪ್ಪನ ಕಂಬಳಿ ಇದೆ. ಆ ದೊಡ್ಡವನದ್ದು ಅವನಿಗೇ ವಾಪಸ್ ಕೊಟ್ಟೆ. ಜೊತೆಗೆ ಒಂದು ಸೋಪೂ ಕೊಟ್ಟೆ, ಋಣ ಬೇಡ ಅಂತ."

ಎಪಿಫಾನಿಯಾ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಒಲೆಯಲ್ಲಿ ಒಂದು ತಟ್ಟೆ ರೊಟ್ಟಿ ಸೀದುಹೋಯಿತು. ಸೀದರೆ ಸೀಯಲಿ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಹುಡುಗನೂ "ಗಣಿ"ಯಲ್ಲಿದ್ದಾನೆಯೇ? ನಾಚಿಕೆಯನ್ನು ಮನೆಯಲ್ಲೇ ಬಿಟ್ಟು ಬಸ್ಸು ಹತ್ತಿ. ಒಂದೊಂದು ಜೈಲಿನ ನಿಯಮ ಒಂದೊಂದು ಥರ, ಅದಕ್ಕೇ ಮೊದಲು ಕಿಟಕಿಯಲ್ಲಿ ಕೇಳಿ. ಅವನ ಸಂಖ್ಯೆ ಬರೆದಿಟ್ಟುಕೊಂಡು ಅವನ ಲೆಕ್ಕಕ್ಕೇ ದುಡ್ಡು ಕಟ್ಟಿ, ರಸೀತಿ ಇಟ್ಟುಕೊಳ್ಳಿ. ರೊಟ್ಟಿಯೊಳಗೆ, ಚಪ್ಪಲಿಯೊಳಗೆ, ಟೈ ಕಟ್ಟಿದವನ ಕೈಯೊಳಗೆ ದುಡ್ಡು ಇಡಬೇಡಿ. ಅವಸರ ಮಾಡಿಸುವ ಫೋನು ಬಂದರೆ ನಿಮ್ಮ ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಪ್ರಶ್ನೆ ಕೇಳಿ. ಅವನಿಗೆ ಬಾಯಿಪಾಠ ಇರುವ ನಂಬರನ್ನು ಬದಲಿಸಬೇಡಿ. ಬರೆಯಲು ಬಾರದಿದ್ದರೆ ನನ್ನ ಹತ್ತಿರ ಬನ್ನಿ, ಬರೆದು ಕೊಡುತ್ತೇನೆ. ಬೈಯುತ್ತೇನೆ, ಆದರೆ ಬರೆದು ಕೊಡುತ್ತೇನೆ.

ಒಳಗೆ ಚಳಿ ಇದೆ. ಅವನಿಗೆ ಯಾರಾದರೂ ಕಂಬಳಿ ಹೊದಿಸಿಯೇ ಹೊದಿಸುತ್ತಾರೆ. ನಿಮ್ಮದು ಮೊದಲು ತಲುಪಲಿ.